ಮೂರು ಅರ್ಜಿಗಳ ವರ್ಷ

ವಾಸ್ತುಶಿಲ್ಪ ಕ್ಷೇತ್ರದ ಹಿರಿಯರನ್ನು ನೆನೆಯುವಾಗ ಕಟ್ಟಡ ಕಟ್ಟಿದವರ ಹೆಸರುಗಳು ಬರುತ್ತವೆ. ಒಂದು ಗೋಡೆಯನ್ನೂ ಕಟ್ಟದೆ, ಮುಂದೆ ಕಟ್ಟಬೇಕಾದವರನ್ನು ಸರಿಯಾದ ಬಾಗಿಲಿಗೆ ತಲುಪಿಸಿದವರ ಹೆಸರು ಯಾವ ಪಟ್ಟಿಯಲ್ಲೂ ಇರುವುದಿಲ್ಲ. ನಮ್ಮ ಶಾಲೆಯ ಚಿತ್ರಕಲಾ ಶಿಕ್ಷಕಿಯಾಗಿ ಮೂವತ್ತಾರು ವರ್ಷ ದುಡಿದು ಈ ತಿಂಗಳು ನಿವೃತ್ತರಾಗುತ್ತಿರುವ ನಮ್ಮ ಗುರುಗಳು ಅಂಥ ಅಪರೂಪದವರು. ಅವರ ಕೈಯಲ್ಲಿ ಪೆನ್ಸಿಲು ಹಿಡಿಯಲು ಕಲಿತು ಆರ್ಕಿಟೆಕ್ಟ್ ಆದವರು ನಾನು ಬಲ್ಲಂತೆ ನೂರಾ ಎಂಬತ್ತು ಮಂದಿ. ಅವರಲ್ಲಿ ಒಬ್ಬರೂ ಅವರ ಮಾತನ್ನು ಮೊದಲ ಸಲಕ್ಕೇ ನಂಬಿದವರಲ್ಲ ಎಂಬುದನ್ನೂ ನಾನು ಬಲ್ಲೆ.

ಶಾಲೆಯ ಮಕ್ಕಳೆಲ್ಲ ಅವರನ್ನು ಕರೆಯುತ್ತಿದ್ದದ್ದು ‘ಅಳತೆ ಮೇಡಂ’ ಎಂದು. ಕೈಚೀಲದಲ್ಲಿ ಸದಾ ಒಂದು ಅಳತೆ ಟೇಪು ಇರುತ್ತಿತ್ತು. ಶಾಲೆಗೆ ಹೊಸ ಬೆಂಚು ಬಂದರೆ, ಬಿಲ್ಲಿನಲ್ಲಿ ಬರೆದಷ್ಟು ಉದ್ದ ಬೆಂಚಿನಲ್ಲೂ ಇದೆಯೇ ಎಂದು ಅಳೆದ ಮೇಲೆಯೇ ಅವರ ಸಹಿ ಬೀಳುತ್ತಿತ್ತು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆಯನ್ನು ನಾವು ಪುಸ್ತಕದಲ್ಲಿ ಓದುವುದಕ್ಕೆ ಮೊದಲೇ ಅವರ ನಡೆಯಲ್ಲಿ ಕಂಡಿದ್ದೆವು.

ಗುರುಗಳ ನಿವೃತ್ತಿಗಾಗಿ ತರುತ್ತಿರುವ ಈ ಅಭಿನಂದನಾ ಸಂಪುಟದ ಸಂಪಾದಕರು ಗುರುಗಳ ಸದ್ಗುಣಗಳ ಬಗ್ಗೆ ಬರೆಯಬೇಕೆಂದು ನನ್ನನ್ನು ಕೇಳಿದ್ದಾರೆ. ಬರೆಯುತ್ತೇನೆ. ಆದರೆ ಶಾಲೆಯ ಕೊನೆಯ ವರ್ಷದಲ್ಲಿ ಸುಮಾರು ನಾಲ್ಕು ತಿಂಗಳ ಕಾಲ ನಾನು ಅವರನ್ನು ಕಳ್ಳರನ್ನು ನೋಡುವಂತೆ ನೋಡಿದೆ ಎಂಬುದನ್ನು ಮೊದಲು ಹೇಳದಿದ್ದರೆ ಮುಂದಿನ ಹೊಗಳಿಕೆಗೆ ಬೆಲೆ ಇರುವುದಿಲ್ಲ.

ಆಗಿನ ನಿಯಮದಂತೆ ವಾಸ್ತುಶಿಲ್ಪ ಪದವಿಗೆ ಒಬ್ಬ ವಿದ್ಯಾರ್ಥಿ ಮೂರೇ ಕಾಲೇಜುಗಳಿಗೆ ಅರ್ಜಿ ಹಾಕಬಹುದಿತ್ತು. ಮೂರರಲ್ಲೂ ಸೀಟು ಸಿಗದಿದ್ದರೆ ಒಂದು ವರ್ಷ ಮನೆಯಲ್ಲೇ. ಪ್ರತಿ ಅರ್ಜಿಯ ಜೊತೆಗೂ ಚಿತ್ರಕಲಾ ಶಿಕ್ಷಕರ ಶಿಫಾರಸು ಪತ್ರ, ಅಂಟಿಸಿ ಮುಚ್ಚಿದ ಲಕೋಟೆಯಲ್ಲಿ, ಹೋಗಬೇಕಿತ್ತು. ಹಾಗಾಗಿ ವಿದ್ಯಾರ್ಥಿಗಳು ತಮ್ಮ ಪಟ್ಟಿ ಹಿಡಿದು ಮೇಡಂ ಅವರ ಚಿತ್ರಕಲಾ ಕೋಣೆಗೆ ಹೋಗುವುದು, ಅವರು ಪಟ್ಟಿ ನೋಡಿ ಒಂದೋ ಎರಡೋ ಹೆಸರಿನ ಮೇಲೆ ಗೆರೆ ಎಳೆಯುವುದು ವಾಡಿಕೆಯಾಗಿತ್ತು. ಗೆರೆ ಏಕೆ ಎಂದು ಕೇಳಿದರೆ ಅವರು ಕಾರಣ ಕೊಡುತ್ತಿರಲಿಲ್ಲ. “ಹೋಗಿ ನೋಡಿದ್ದೀಯಾ?” ಎಂದು ಮಾತ್ರ ಕೇಳುತ್ತಿದ್ದರು.

ನನ್ನ ಪಟ್ಟಿಯ ಮೊದಲ ಹೆಸರು ಗುಡ್ಡದ ಮೇಲಿನ ಕಾಲೇಜಿನದು. ಊರಿನ ಎಲ್ಲಿಂದ ನೋಡಿದರೂ ಕಾಣುವ ಗಾಜಿನ ಕಟ್ಟಡ ಅದು. ಅದರ ಪರಿಚಯ ಪುಸ್ತಕದ ಹಾಳೆಗಳು ಎಷ್ಟು ನುಣುಪಾಗಿದ್ದವೆಂದರೆ ನಮ್ಮ ತಾಯಿ ಕೈ ತೊಳೆದುಕೊಂಡು ಬಂದು ಅದನ್ನು ಮುಟ್ಟುತ್ತಿದ್ದರು. ಐದನೆಯ ಮಹಡಿಯಲ್ಲಿ ಕಾರ್ಯಾಗಾರ, ಗರಗಸ, ಮಾದರಿ ಕಟ್ಟುವ ಉದ್ದನೆಯ ಮೇಜುಗಳು, ನಗುವ ಹುಡುಗ ಹುಡುಗಿಯರು. ಎರಡನೆಯದು ರೈಲು ನಿಲ್ದಾಣದ ಹಿಂದಿನ ಹಳೆಯ ಇಟ್ಟಿಗೆ ಕಾಲೇಜು. ಮೂರನೆಯದು ಬಂದರಿನ ಕಾಲೇಜು. ಮೇಡಂ ಪಟ್ಟಿಯನ್ನು ಓದಿ, ಪೆನ್ಸಿಲು ತೆಗೆದು, ಗುಡ್ಡದ ಕಾಲೇಜಿನ ಮೇಲೆ ಗೆರೆ ಎಳೆದರು.

“ಯಾಕೆ ಮೇಡಂ?”

“ಹೋಗಿ ನೋಡಿದ್ದೀಯಾ?”

“ಬುಕ್ಕಲ್ಲಿ ನೋಡಿದ್ದೀನಿ ಮೇಡಂ.”

“ಬುಕ್ಕಲ್ಲಿ ಕೂತು ಓದ್ತೀಯಾ?” ಎಂದು ಹೇಳಿ ಮುಂದಿನ ಹುಡುಗನ ಪಟ್ಟಿ ಕೈಗೆತ್ತಿಕೊಂಡರು.

ನಮ್ಮ ಮನೆಯಲ್ಲಿ ಅನುಮಾನಕ್ಕೆ ಬೇಕಾದ ನೀರು ಗೊಬ್ಬರ ಎಲ್ಲ ಇತ್ತು. ನಮ್ಮ ತಂದೆ ಲಿಫ್ಟ್ ರಿಪೇರಿ ಮಾಡುವವರು, ಮಾತು ಕಡಿಮೆ. ಆ ಕೊರತೆಯನ್ನು ತುಂಬುತ್ತಿದ್ದವರು ನಮ್ಮ ಚಿಕ್ಕಮ್ಮ. ಶಾಲೆಯ ಎದುರಿಗೇ ಅವರ ಜೆರಾಕ್ಸ್ ಅಂಗಡಿ. ಊರಿನ ಅರ್ಜಿಗಳೆಲ್ಲ ಅವರ ಯಂತ್ರದ ಗಾಜಿನ ಮೇಲೆ ಮಕಾಡೆ ಮಲಗಿ ಎದ್ದು ಹೋಗುತ್ತಿದ್ದವು; ಮಲಗಿದ್ದನ್ನು ಓದದೆ ಬಿಡುವ ಜಾಯಮಾನ ಅವರದಲ್ಲ. ಗೆರೆ ಎಳೆದ ವಾರದಲ್ಲೇ ಅವರು ಅಂಗಡಿ ಮುಚ್ಚಿ ನೇರ ನಮ್ಮ ಅಡುಗೆಮನೆಗೆ ಬಂದರು.

“ನಿಮ್ಮ ಅಳತೆ ಮೇಡಂಗೆ ಒಬ್ಬ ತಂಗಿ ಇದ್ದಾಳೆ, ಗೊತ್ತಾ?”

“ಇದ್ರೆ ಏನಾಯ್ತು?” ಎಂದರು ತಾಯಿ.

“ಆ ತಂಗಿ ಮಗಳ ಅರ್ಜಿ ಇವತ್ತು ನನ್ನ ಅಂಗಡಿಗೆ ಬಂದಿತ್ತು. ಮೊದಲನೇ ಹೆಸರು ಯಾವ ಕಾಲೇಜು ಹೇಳು ನೋಡೋಣ? ಗುಡ್ಡದ್ದು! ನಮ್ಮ ಮಗೂಗೆ ಬೇಡ, ತಂಗಿ ಮಗಳಿಗೆ ಬೇಕು. ಸೀಟು ಇರೋದೇ ನಲವತ್ತು. ಬೇಲಿನೇ ಎದ್ದು ಹೊಲ ಮೇಯ್ತಾ ಇದೆ ಕಣಕ್ಕಾ.”

ಆ ಕ್ಷಣದಿಂದ ನನ್ನ ಕಣ್ಣಿಗೆ ಕಾಮಾಲೆ ಬಂತು. ಅದುವರೆಗೆ ಸಹಜವಾಗಿ ಕಂಡದ್ದೆಲ್ಲ ಹಳದಿಯಾಗಿ ಕಾಣತೊಡಗಿತು. ನಾನು ಕೋಣೆಗೆ ಬಂದರೆ ಮೇಡಂ ಬೀರುವಿನ ಬಾಗಿಲು ಹಾಕುತ್ತಿದ್ದರು. ಒಳಗೆ ಏನೋ ಇದೆ ಎಂದುಕೊಂಡೆ. ಫೋನಿನಲ್ಲಿ “ಆ ವಿಷಯ ಆಮೇಲೆ ಮಾತಾಡೋಣ” ಎಂದರೆ ಆ ವಿಷಯ ನಾನೇ ಎಂದುಕೊಂಡೆ. ಒಂದು ಸಂಜೆ ಇಟ್ಟಿಗೆ ಕಾಲೇಜಿನ ಕಚೇರಿಯಿಂದ ಅವರು ಹೊರಬಂದದ್ದನ್ನು ಕಂಡು, ಅಲ್ಲಿಯವರ ಜೊತೆ ಏನೋ ಮಾತುಕತೆ ಮಾಡಿಕೊಂಡು ತುಂಬದ ಸೀಟುಗಳಿಗೆ ನಮ್ಮನ್ನು ದೂಡುತ್ತಿದ್ದಾರೆ ಎಂದು ಲೆಕ್ಕ ಹಾಕಿದೆ. ನನ್ನ ನಕ್ಷೆಗಳನ್ನು ಅವರು ಮನೆಗೆ ಒಯ್ದು ತಿದ್ದಿ ತಂದುಕೊಟ್ಟಾಗ, ತಂಗಿಯ ಮಗಳಿಗೆ ತೋರಿಸಿರಬೇಕು ಎಂದು ತೀರ್ಮಾನಿಸಿದೆ. ಅವರು ತಿದ್ದಿದ ಕಡೆಯಲ್ಲೆಲ್ಲ ನಕ್ಷೆ ಉತ್ತಮಗೊಂಡಿತ್ತು ಎಂಬುದು ನನ್ನ ಗಮನಕ್ಕೆ ಬರಲಿಲ್ಲ. ಬಂದಿದ್ದರೂ ಅದರಲ್ಲೊಂದು ಕುತಂತ್ರ ಹುಡುಕುತ್ತಿದ್ದೆ.

ಕೊನೆಗೆ ಮನೆಯಲ್ಲಿ ತೀರ್ಮಾನವಾಯಿತು: ಮೇಡಂ ಬೇಡವೆಂದರೂ ಗುಡ್ಡಕ್ಕೆ ಅರ್ಜಿ ಹಾಕುವುದೇ. ಹೆದರುತ್ತಲೇ ಹೋಗಿ ಮೂರು ಪತ್ರ ಕೇಳಿದೆ. ಬೈಯುತ್ತಾರೆಂದುಕೊಂಡಿದ್ದೆ. ಅವರು ಹುಬ್ಬೂ ಏರಿಸದೆ ಮರುದಿನವೇ ಮೂರು ಲಕೋಟೆ ಕೊಟ್ಟರು, ಒಂದರ ಮೇಲೆ ಗುಡ್ಡದ ಕಾಲೇಜಿನ ವಿಳಾಸ.

“ಬೇಡ ಅಂದವರು ಇಷ್ಟು ಸಲೀಸಾಗಿ ಕೊಟ್ಟರಾ?” ಎಂದರು ಚಿಕ್ಕಮ್ಮ, ಗುಡ್ಡದ ಕಾಲೇಜಿನ ಲಕೋಟೆಯನ್ನು ಬೆಳಕಿಗೆ ಹಿಡಿದು. “ಹಾಗಾದ್ರೆ ಒಳಗೇ ಏನೋ ಇಟ್ಟಿದ್ದಾರೆ.”

ನಮ್ಮ ತಂದೆ ಕೆಲಸಕ್ಕೆ ಹೋಗಿದ್ದ ಭಾನುವಾರದ ಬೆಳಿಗ್ಗೆ, ಟೀ ಕೆಟಲಿನ ಮೂತಿಯಿಂದ ಏಳುವ ಹಬೆಗೆ ಲಕೋಟೆ ಹಿಡಿದದ್ದು ಚಿಕ್ಕಮ್ಮ. ಅಂಟು ಸಡಿಲವಾದಾಗ ಬೆರಳು ಹಾಕಿ ಬಿಡಿಸಿದ್ದು ನಾನು. ಪಾಪದಲ್ಲಿ ಪಾಲು ಸಮನಾಗಿತ್ತು. ಪತ್ರದ ಮೊದಲ ಸಾಲು ಹೀಗಿತ್ತು: ‘ಈಕೆಯ ಚಿತ್ರ ಬಿಡಿಸುವ ಕೈ ಸಾಧಾರಣ, ಮರವನ್ನು ಬರೆದರೆ ಕೊಡೆಯೆಂದೂ ಕೊಡೆಯನ್ನು ಬರೆದರೆ ಮರವೆಂದೂ ತಿಳಿಯುವ ಸಾಧ್ಯತೆಯಿದೆ.’

ಮುಂದೆಯೂ ಸಾಲುಗಳಿದ್ದವು. ಒಂದು ಕೋಣೆಯನ್ನು ಒಮ್ಮೆ ಕಂಡರೆ ಅದರ ನಕ್ಷೆಯನ್ನು ನೆನಪಿನಿಂದಲೇ ಅಳತೆಯೊಡನೆ ಬರೆಯುತ್ತಾಳೆ ಎಂದಿತ್ತು. ಕಟ್ಟಡದೊಳಗೆ ಜನ, ಗಾಳಿ, ತಂತಿ ಹೇಗೆ ಓಡಾಡುತ್ತವೆ ಎಂಬುದನ್ನು ತಂದೆಯ ಜೊತೆ ಲಿಫ್ಟಿನ ಗುಂಡಿಗಳಲ್ಲಿ ಇಳಿದು ಕಲಿತಿದ್ದಾಳೆ ಎಂದಿತ್ತು. ‘ಕಲಿಸಿದರೆ ಕಲಿಯುತ್ತಾಳೆ, ಹೊಗಳಿದರೆ ಸೋಮಾರಿಯಾಗುತ್ತಾಳೆ’ ಎಂದೂ ಇತ್ತು. ಅವೆಲ್ಲವನ್ನೂ ನಾನು ಓದಿದೆ. ಆದರೆ ಅನುಮಾನವುಳ್ಳವರಿಗೆ ಒಂದೇ ಸಾಲು ಸಾಕು. ಉಳಿದದ್ದು ಬರೀ ಶಾಯಿ. ನಾನು ಅಡುಗೆಮನೆಯ ನೆಲದ ಮೇಲೆ ಕೂತು ಅತ್ತೆ. ಚಿಕ್ಕಮ್ಮನಿಗೆ ಗೆದ್ದ ಸಂತೋಷ ಮತ್ತು ನನ್ನ ಮೇಲಿನ ಕನಿಕರ ಎರಡೂ ಒಟ್ಟಿಗೆ ಬಂದವು.

ಮಧ್ಯಾಹ್ನ ತಂದೆ ಬಂದರು. ಪತ್ರ ಓದಿದರು, ಮಡಚಿದರು. ಹಬೆಯಿಂದ ಒದ್ದೆಯಾದ ಲಕೋಟೆಯನ್ನು ತಿರುಗಿಸಿ ನೋಡಿದರು.

“ಇದನ್ನ ಬಿಚ್ಚಿದ್ದು ತಪ್ಪು,” ಎಂದರು. ಲಕೋಟೆಯನ್ನು ಕೆಳಗಿಟ್ಟು ಮುಂದುವರಿಸಿದರು: “ಅವರು ಬೇಡ ಅಂತಾರೆ, ಬುಕ್ಕು ಬೇಕು ಅನ್ನುತ್ತೆ. ಎರಡನ್ನೂ ಕೇಳಿಕೊಂಡು ಮನೇಲಿ ಕೂತರೆ ಏನು ಬಂತು? ಬಿಚ್ಚಿ ನೋಡೋದಿದ್ರೆ ಯಂತ್ರ ಬಿಚ್ಚಿ ನೋಡಬೇಕು. ನಾಳೆ ರಜೆ ಹಾಕ್ತೀನಿ.”

ಮರುದಿನ ನಾವಿಬ್ಬರೂ ಗುಡ್ಡ ಹತ್ತಿದೆವು. ಸ್ವಾಗತ ಮೇಜಿನ ಯುವಕ ಬಹಳ ಮರ್ಯಾದೆಯಿಂದ ಮೊದಲ ಮಹಡಿಯ ಸಭಾಂಗಣ, ಎರಡನೆಯ ಮಹಡಿಯ ಗ್ರಂಥಾಲಯ ತೋರಿಸಿದ. ಕಾರ್ಯಾಗಾರ ನೋಡಬೇಕು ಎಂದೆ. ಇವತ್ತು ಅಲ್ಲಿ ಪರೀಕ್ಷೆ ನಡೆಯುತ್ತಿದೆ, ಇನ್ನೊಂದು ದಿನ ಬನ್ನಿ ಎಂದ. ಅವನು ಫೋನಿಗೆ ಓಗೊಡಲು ಹೋದಾಗ ತಂದೆ ನನ್ನನ್ನು ಲಿಫ್ಟಿನೊಳಗೆ ಕರೆದುಕೊಂಡು ಐದರ ಗುಂಡಿ ಒತ್ತಿದರು. ದೀಪ ಹತ್ತಿತು, ಲಿಫ್ಟು ನಾಲ್ಕಕ್ಕೆ ನಿಂತಿತು. ಮತ್ತೆ ಒತ್ತಿದರು. ಅದು ಅಲ್ಲಾಡಲಿಲ್ಲ. ತಂದೆ ಬಾಗಿಲಿನ ಅಂಚಿಗೆ ಕಿವಿಯಿಟ್ಟು ಕೇಳಿ, ತಲೆಯಾಡಿಸಿದರು.

“ಕೆಟ್ಟಿಲ್ಲ ಇದು. ಐದಕ್ಕೆ ತಂತಿನೇ ಎಳೆದಿಲ್ಲ.”

ಮೆಟ್ಟಿಲು ಹತ್ತಿ ಹೋದೆವು. ಐದನೆಯ ಮಹಡಿಗೆ ಬಾಗಿಲಿರಲಿಲ್ಲ. ಬರೀ ಸಿಮೆಂಟಿನ ನೆಲ, ಊರಿಗೆ ಬೆನ್ನು ಹಾಕಿದ ಕಡೆ ಗಾಜಿಲ್ಲದ ಕಿಟಕಿ ಚೌಕಟ್ಟುಗಳು, ಗಟ್ಟಿಯಾಗಿ ಕಲ್ಲಾದ ನಾಲ್ಕು ಸಿಮೆಂಟು ಚೀಲ. ಗರಗಸವಿಲ್ಲ, ಮೇಜಿಲ್ಲ, ಪರೀಕ್ಷೆ ಬರೆಯುವವರೂ ಇಲ್ಲ. ತಂದೆ ನೆಲದ ಧೂಳಿನ ಮೇಲೆ ತಮ್ಮ ಬೂಟಿನ ಗುರುತನ್ನು ನೋಡಿದರು. ನಮ್ಮಿಬ್ಬರದು ಬಿಟ್ಟರೆ ಅಲ್ಲಿ ಬೇರೆ ಯಾರ ಗುರುತೂ ಇರಲಿಲ್ಲ. ನಾನು ಚೀಲದಿಂದ ಪರಿಚಯ ಪುಸ್ತಕ ತೆಗೆದು ಕಾರ್ಯಾಗಾರದ ಚಿತ್ರವನ್ನು ಆ ಕಿಟಕಿಗಳ ಎದುರಿಗೆ ಹಿಡಿದೆ. ಚಿತ್ರದಲ್ಲಿ ಕಿಟಕಿಗಳು ಕಮಾನಿನ ಆಕಾರದವು, ಇಲ್ಲಿ ಚೌಕ. ಎಲ್ಲಿಯದೋ ಕಾರ್ಯಾಗಾರ, ಯಾರೋ ನಗುವ ಮಕ್ಕಳು.

ಆ ಸಂಜೆಯೇ ತಂದೆ ನನ್ನನ್ನು ಶಾಲೆಗೆ ಕರೆದುಕೊಂಡು ಹೋದರು. ಮೇಡಂ ಚಿತ್ರಕಲಾ ಕೋಣೆಯ ಕುಂಚಗಳನ್ನು ತೊಳೆದು ಒಣಹಾಕುತ್ತಿದ್ದರು.

“ಗುಡ್ಡಕ್ಕೆ ಹೋಗಿದ್ವಿ ಮೇಡಂ,” ಎಂದರು ತಂದೆ. “ಐದನೇ ಮಹಡಿ ಖಾಲಿ. ನಿಮಗೆ ಮೊದಲೇ ಗೊತ್ತಿತ್ತಾ?”

ಅವರ ಕೈ ನಿಂತಿತು. “ಖಾಲಿನಾ? ಪೂರ್ತಿ ಖಾಲಿನಾ?” ಎಂದು ಎರಡು ಸಲ ಕೇಳಿದರು. ಆಮೇಲೆ ಸ್ಟೂಲಿನ ಮೇಲೆ ಕೂತರು. “ಗೊತ್ತಿರಲಿಲ್ಲ. ನನ್ನನ್ನ ಎರಡು ಸಲ ಬಾಗಿಲಿಂದಲೇ ವಾಪಸ್ ಕಳಿಸಿದ್ರು. ಅನುಮಾನ ಅಂತೂ ಇತ್ತು.”

“ಯಾತರಿಂದ ಬಂತು?”

“ನಾನು ಕಲಿಸಿದ ಮಕ್ಕಳು ಮೂರು ಜನ ಅಲ್ಲಿ ಓದ್ತಿದ್ದಾರೆ. ರಜೆಗೆ ಬಂದಾಗ ನೋಡ್ತೀನಿ, ಯಾರ ಬೆರಳಲ್ಲೂ ಒಂದು ಬ್ಲೇಡಿನ ಗಾಯ ಇಲ್ಲ, ಅಂಟಿನ ಕಲೆ ಇಲ್ಲ. ಎರಡು ವರ್ಷ ಆರ್ಕಿಟೆಕ್ಚರ್ ಓದಿದ ಕೈ ಹಾಗಿರಲ್ಲ. ಕೇಳಿದ್ರೆ, ಕಾರ್ಯಾಗಾರಕ್ಕೆ ಬಿಡೋದು ಮೂರನೇ ವರ್ಷದಿಂದ ಅಂತಾರೆ. ಒಂದು ಮಾದರಿನೂ ಕಟ್ಟಿಸದೆ ಏನು ಕಲಿಸ್ತಿದ್ದಾರೆ ಅಂತ ಅನ್ನಿಸ್ತು.”

“ಇಷ್ಟನ್ನ ನಮಗೆ ಹೇಳಬಹುದಿತ್ತಲ್ಲ ಮೇಡಂ?” ನನ್ನ ಧ್ವನಿಯಲ್ಲಿ ಇನ್ನೂ ಕೋಪವಿತ್ತು.

“ಬೆರಳು ನೋಡಿ ಒಂದು ಕಾಲೇಜಿನ ಮೇಲೆ ಅಪವಾದ ಹೊರಿಸೋಕಾಗುತ್ತೇನೇ? ನಾನು ಅಂದುಕೊಂಡಿದ್ದು ತಪ್ಪಾಗಿದ್ರೆ? ಅನುಮಾನ ನನ್ನದು; ಅದಕ್ಕೆ ಗೆರೆ ಎಳೆದೆ. ಕಣ್ಣು ನಿನ್ನದು, ಅದಕ್ಕೆ ಹೋಗಿ ನೋಡು ಅಂದೆ.” ಕುಂಚದ ನೀರು ಕೊಡವುತ್ತಾ ಅವರೇ ಹೇಳಿದರು: “ನನ್ನ ತಂಗಿಗೂ ಇದೇ ಹೇಳಿದೆ. ನಿನ್ನ ಶಾಲೆ ಹುಡುಗೀರಿಗೆ ಸೀಟು ಸಿಗಲಿ ಅಂತ ನನ್ನ ಮಗಳಿಗೆ ಅಡ್ಡಗಾಲು ಹಾಕ್ತಿದ್ದೀಯಾ ಅಂದಳು. ಎರಡು ತಿಂಗಳಿಂದ ನಮ್ಮಿಬ್ಬರಿಗೂ ಮಾತಿಲ್ಲ.”

ನಾನು ತಲೆ ತಗ್ಗಿಸಿದೆ. ನಮ್ಮ ಮನೆಯಲ್ಲಿ ಆಡಿಕೊಂಡದ್ದನ್ನೇ ಅವರ ಮನೆಯಲ್ಲೂ ತಿರುವುಮುರುವಾಗಿ ಆಡಿಕೊಂಡಿದ್ದರು. ನಡುವೆ ನಿಂತವರು ಇವರೊಬ್ಬರೇ. ಅಂದೇ ರಾತ್ರಿ ಊಟಕ್ಕೆ ಮೊದಲು ಮೇಡಂ ತಂಗಿಗೆ ಫೋನು ಮಾಡಿ ಐದನೆಯ ಮಹಡಿಯ ವಿಷಯ ಹೇಳಿದರಂತೆ. ತಂಗಿ ನಂಬಲಿಲ್ಲ, ಹೋಗಿ ನೋಡಲೂ ಇಲ್ಲ. ಮಗಳು ಗುಡ್ಡದ ಕಾಲೇಜಿಗೇ ಸೇರಿದಳು. ಎರಡು ವರ್ಷದ ಮೇಲೆ ಆ ಕಾಲೇಜಿನ ಮಾನ್ಯತೆ ರದ್ದಾಯಿತು. ಆ ಹುಡುಗಿ ಮೊದಲಿಂದ ಆರಂಭಿಸಿ ನನಗಿಂತ ಎರಡು ವರ್ಷ ಹಿಂದೆ ಇಟ್ಟಿಗೆ ಕಾಲೇಜಿನಲ್ಲಿ ಓದಿದಳು. ಗುಡ್ಡದ ಮೇಲೆ ಓದಿದ ಆ ಎರಡು ವರ್ಷವೂ ಸಂಜೆ ಅವಳನ್ನು ಕೂರಿಸಿಕೊಂಡು ಮಾದರಿ ಕಟ್ಟುವುದನ್ನು ಕಲಿಸಿದವರು ಅವಳ ದೊಡ್ಡಮ್ಮನೇ. ‘ನಾನು ಹೇಳಿರಲಿಲ್ಲವೇ’ ಎಂಬ ಮಾತನ್ನು ಅವರು ಒಮ್ಮೆಯೂ ಆಡಲಿಲ್ಲವೆಂದು ಅವಳೇ ನನಗೆ ಹೇಳಿದ್ದಾಳೆ.

ನಾನು ಮೇಡಂ ಅವರಿಂದ ಇನ್ನೊಂದು ಪತ್ರ ಪಡೆದು, ಗುಡ್ಡದ ಬದಲಿಗೆ ಮೂವತ್ತೇ ಸೀಟಿನ ಒಂದು ಸಣ್ಣ ಕಾಲೇಜಿಗೆ ಅರ್ಜಿ ಹಾಕಿದೆ. ಅದಕ್ಕೂ ಮುನ್ನ ಮೂರು ಕಡೆಗೂ ತಂದೆಯ ಜೊತೆ ಹೋಗಿ ನೋಡಿ ಬಂದೆ. ಮೊದಲು ಸಂದರ್ಶನಕ್ಕೆ ಕರೆದದ್ದು ಇಟ್ಟಿಗೆ ಕಾಲೇಜು. ಎದುರಿಗೆ ಕೂತಿದ್ದ ಹಿರಿಯ ಪ್ರಾಧ್ಯಾಪಕರು ಲಕೋಟೆ ಒಡೆದು ಪತ್ರ ತೆಗೆದರು. ಮೂರಕ್ಕೂ ಒಂದೇ ಪತ್ರವಿರಬಹುದೆಂದು ನಾನು ಆಗಲೇ ಊಹಿಸಿದ್ದೆ. ಅವರು ಮೊದಲ ಸಾಲನ್ನು ಗಟ್ಟಿಯಾಗಿ ಓದಿದರು. ಪಕ್ಕದವರು ನಕ್ಕರು. ಮರವೂ ಕೊಡೆಯೂ ನನ್ನ ತಲೆಯ ಮೇಲೆ ಒಟ್ಟಿಗೆ ಬಿದ್ದಂತಾಯಿತು.

“ನಗಬೇಡಿ,” ಎಂದರು ಅವರು. “ಇವತ್ತು ನಾನು ತೊಂಬತ್ತು ಪತ್ರ ಓದಿದ್ದೀನಿ. ಎಂಬತ್ತೊಂಬತ್ತರಲ್ಲೂ ಮಕ್ಕಳ ಚಿತ್ರ ಅದ್ಭುತ. ಚಿತ್ರ ಬರಲ್ಲ ಅಂತ ಬರೆದಿರೋದು ಇದೊಂದರಲ್ಲೇ. ಹಾಗಾಗಿ ಇದರಲ್ಲಿ ಮುಂದೆ ಬರೆದಿರೋದನ್ನ ನಾನು ನಂಬ್ತೀನಿ.” ಒಂದು ಖಾಲಿ ಹಾಳೆ ನನ್ನತ್ತ ತಳ್ಳಿದರು. “ಈ ಕೋಣೆಗೆ ಬರೋಕ್ಕೆ ಮುಂಚೆ ಹೊರಗೆ ಎಲ್ಲಿ ಕಾಯ್ತಾ ಇದ್ದೆ, ಆ ಜಾಗದ ನಕ್ಷೆ ಬರಿ. ಅಳತೆ ಸಮೇತ.”

ಬರೆದೆ. ಬೆಂಚು ಎರಡು, ಕಂಬ ಒಂದು, ಮುಚ್ಚಿದ ಕಿಟಕಿ ಮೂರು. ಸೀಟು ಸಿಕ್ಕಿತು.

ಸುದ್ದಿ ತಿಳಿಸಲು ಹೋದ ದಿನವೇ ಲಕೋಟೆಯ ವಿಷಯವನ್ನೂ ಹೇಳಿಬಿಟ್ಟೆ. ಅವರು ನಕ್ಕು ಮನ್ನಿಸಿದರು ಎಂದು ಬರೆದರೆ ಈ ಲೇಖನಕ್ಕೆ ಶೋಭೆ ಬರುತ್ತಿತ್ತು, ಆದರೆ ಹಾಗಾಗಲಿಲ್ಲ. ಅವರ ಮುಖ ಸಣ್ಣದಾಯಿತು. “ನನ್ನನ್ನೇ ಕೇಳಿದ್ರೆ ಓದಿ ಹೇಳ್ತಿದ್ದೆನಲ್ಲೇ,” ಎಂದರು. ಆಮೇಲೆ ಬೆನ್ನು ತಿರುಗಿಸಿ ಬೀರುವಿನಲ್ಲಿ ಏನನ್ನೋ ಹುಡುಕಿದರು. ಮೂರು ತಿಂಗಳು ನಾನು ಬರೆದ ಪತ್ರಗಳಿಗೆ ಉತ್ತರ ಬರಲಿಲ್ಲ. ನಾಲ್ಕನೆಯ ತಿಂಗಳು ಒಂದು ಅಂಚೆ ಕಾರ್ಡು ಬಂತು: ‘ಈ ಸಲದ ಮಕ್ಕಳು ಐದು ಜನ ನಿಮ್ಮ ಕಾಲೇಜು ನೋಡಲು ಬರುತ್ತಾರೆ. ಶನಿವಾರ ಬಿಡುವು ಮಾಡಿಕೋ. ಎಲ್ಲ ಬಾಗಿಲನ್ನೂ ತೆಗೆದು ತೋರಿಸು.’ ಅದೇ ಕ್ಷಮೆ ಎಂದು ನಾನು ತಿಳಿದುಕೊಂಡೆ.

ಅಲ್ಲಿಂದ ಮುಂದಿನ ಅವರ ಸೇವೆಯನ್ನು ನಾನು ದೂರದಿಂದ ಕಂಡವಳು. ಪ್ರತಿ ವರ್ಷ ಬಸ್ಸಿನಲ್ಲಿ ಮಕ್ಕಳನ್ನು ಕೂರಿಸಿಕೊಂಡು ಕಾಲೇಜಿನಿಂದ ಕಾಲೇಜಿಗೆ ಹೋದರು. ಡ್ರಾಯಿಂಗ್ ಬೋರ್ಡು ಕೊಳ್ಳಲಾರದ ಹುಡುಗಿಗೆ ತಮ್ಮದನ್ನೇ ಕೊಟ್ಟು, ಐದು ವರ್ಷ ತಮ್ಮ ಮನೆಯ ಊಟದ ಮೇಜಿನ ಮೇಲೆ ನಕ್ಷೆ ಬರೆದರು. ಅವರ ಎಣಿಕೆ ತಪ್ಪಿದ್ದೂ ಉಂಟು. ಮೂರು ಸಲ ಪ್ರಾಂಶುಪಾಲರು ಬದಲಾದರೆಂಬ ಕಾರಣಕ್ಕೆ ಕಾಲುವೆ ಪಕ್ಕದ ಕಾಲೇಜನ್ನು ನಾಲ್ಕು ವರ್ಷ ಪಟ್ಟಿಗೆ ಸೇರಿಸಲಿಲ್ಲ. ಹಟಮಾರಿ ಹುಡುಗನೊಬ್ಬ ಅಲ್ಲಿಗೇ ಸೇರಿ, ಕೈ ತುಂಬ ಗಾಯ ಮಾಡಿಕೊಂಡು ಬಂದು ತೋರಿಸಿದಾಗ, ಅವರು ತರಗತಿಯ ಎದುರು ನಿಂತು, “ಈ ಕಾಲೇಜಿನ ವಿಷಯದಲ್ಲಿ ನಾನು ತಪ್ಪಿದೆ. ನಾಲ್ಕು ವರ್ಷದ ಮಕ್ಕಳಿಗೆ ಅನ್ಯಾಯ ಆಯ್ತು,” ಎಂದರಂತೆ. ಶಿಕ್ಷಕರಾದ ನಮ್ಮಲ್ಲಿ ಎಷ್ಟು ಜನಕ್ಕೆ ಈ ಎದೆಗಾರಿಕೆ ಇದೆಯೋ ಕಾಣೆ.

ನನಗಂತೂ ಇರಲಿಲ್ಲ. ನಾನೀಗ ಅದೇ ಇಟ್ಟಿಗೆ ಕಾಲೇಜಿನಲ್ಲಿ ವಿಭಾಗದ ಮುಖ್ಯಸ್ಥೆ. ಮೂರು ವರ್ಷದ ಹಿಂದೆ ಮೇಡಂ ತಮ್ಮ ಮಕ್ಕಳೊಂದಿಗೆ ಬಂದಾಗ ನಮ್ಮ ಕಾರ್ಯಾಗಾರಕ್ಕೆ ಬೀಗ ಹಾಕಿತ್ತು. ಮರಗೆಲಸದ ಬೋಧಕರು ಹೋಗಿ ಒಂದು ವರ್ಷವಾಗಿತ್ತು. ಆ ಜಾಗಕ್ಕೆ ಯಾರೂ ಬಂದಿರಲಿಲ್ಲ. “ಮುಂದಿನ ತಿಂಗಳು ಸರಿಹೋಗುತ್ತೆ ಮೇಡಂ,” ಎಂದೆ. ಅವರು ಬೀಗವನ್ನು ಒಮ್ಮೆ ಎತ್ತಿ ನೋಡಿ ಬಿಟ್ಟರು. ಆ ವರ್ಷ ಅವರ ಶಾಲೆಯಿಂದ ನಮಗೆ ಒಂದು ಅರ್ಜಿಯೂ ಬರಲಿಲ್ಲ. ಕೊನೆಯ ದಿನ ಕಳೆದ ಕೂಡಲೇ ಫೋನು ಮಾಡಿದೆ.

“ಮೇಡಂ, ನಮ್ಮ ಕಾಲೇಜಿಗೂ ಗೆರೆ ಎಳೆದ್ರಾ? ನಾನು ಇದ್ದೀನಲ್ಲ ಇಲ್ಲಿ!”

“ನೀನಿದ್ದೀಯ ನಿಜ. ನಿನ್ನ ಮಕ್ಕಳ ಕೈ ತುಂಬಾ ನುಣುಪಾಗಿದೆ ಕಣೇ.”

ಎರಡು ದಿನ ಅವರ ಮೇಲೆ ಹಳೆಯ ಅನುಮಾನಗಳೆಲ್ಲ ಎದ್ದು ಬಂದವು: ಲಕೋಟೆಯ ಸೇಡು ಇನ್ನೂ ತೀರಿಲ್ಲವೇ, ನನ್ನ ಹುದ್ದೆ ಕಂಡು ಕಸಿವಿಸಿಯೇ? ಮೂರನೆಯ ದಿನ ಮೂರನೆಯ ವರ್ಷದ ತರಗತಿಗೆ ಹೋಗಿ, ಎಲ್ಲರೂ ಕೈ ಮುಂದೆ ಚಾಚಿ ಎಂದೆ. ಮೂವತ್ತೆಂಟು ಜೊತೆ ಕೈಗಳನ್ನು ನೋಡಿದೆ. ನಾಚಿಕೆಯಾಯಿತು. ಅಲ್ಲಿಂದ ನೇರ ಪ್ರಾಂಶುಪಾಲರ ಕೋಣೆಗೆ ಹೋದೆ. ಏಳು ವಾರ ಬಿಡದೆ ಹೋದೆ. ಎಂಟನೆಯ ವಾರ, ಊರಿನ ಅರ್ಧ ಬಾಗಿಲುಗಳನ್ನು ಮಾಡಿದ ಹಿರಿಯ ಬಡಗಿಯೊಬ್ಬರು ನಮ್ಮ ಕಾರ್ಯಾಗಾರದ ಬೀಗ ತೆಗೆದರು. ಅದು ಈಗ ಸಂಜೆ ಏಳರವರೆಗೂ ಮುಚ್ಚುವುದಿಲ್ಲ.

ನಮ್ಮ ಗುರುಗಳಿಗೆ ಇನ್ನು ಹಾಜರಿ ಪುಸ್ತಕದ ಹಂಗಿಲ್ಲ. ಆದರೂ ಅವರು ಈ ಕೆಲಸ ಬಿಡುವುದಿಲ್ಲವೆಂಬ ಭರವಸೆ ನನಗಿದೆ, ಭಯವೂ ಇದೆ. ಅವರ ಕಾಲಿಗೆ ಮೆಟ್ಟಿಲು ಹತ್ತುವ ಶಕ್ತಿ ಇನ್ನೂ ಬಹುಕಾಲ ಇರಲಿ. ಕಣ್ಣು ಈಗಿನಷ್ಟೇ ಚುರುಕಾಗಿರಲಿ. ಬೀಗ ಕಂಡಲ್ಲಿ ಎತ್ತಿ ನೋಡುವ ಆ ಕೈ ನಡುಗದಿರಲಿ. ತಂಗಿಯ ಮನೆಯಲ್ಲಿ ಈಗ ಪ್ರತಿ ಭಾನುವಾರ ಸಿಗುವ ಊಟ ಅವರಿಗೆ ನೂರು ವರ್ಷ ಒಗ್ಗಲಿ.

ಕಳೆದ ವಾರ, ಆ ಬೀಗ ಕಂಡು ಹೋದ ಮೇಲೆ ಮೊದಲ ಸಲ, ಅವರು ಆರು ಮಕ್ಕಳನ್ನು ಕರೆದುಕೊಂಡು ಮತ್ತೆ ಬಂದಿದ್ದರು. ಕಾರ್ಯಾಗಾರದಲ್ಲಿ ನಲವತ್ತು ನಿಮಿಷ ಇದ್ದರು, ಬಡಗಿಯವರ ಜೊತೆ ಮಾತಾಡಿದರು, ನನ್ನ ಕೋಣೆಯಲ್ಲಿ ಟೀ ಕುಡಿದರು, ಏನೂ ಹೇಳದೆ ಹೊರಟರು. ನಾನೂ ಕೇಳಲಿಲ್ಲ. ಅರ್ಜಿಗೆ ಕೊನೆಯ ದಿನ ಬರಲು ಇನ್ನೂ ಹನ್ನೊಂದು ದಿನ ಇದೆ. ಬೆಳಿಗ್ಗೆ ಟಪಾಲು ಬಂದ ಕೂಡಲೇ ಗುಮಾಸ್ತರಿಗಿಂತ ಮೊದಲು ನಾನೇ ಹೋಗಿ ನೋಡುತ್ತಿದ್ದೇನೆ.